ಏಳನೇ ಕುಳಿಯ ಚೆಂಡು

ಬಂಗಾರಪೇಟೆ
12 ಫೆಬ್ರವರಿ 2024

ಮಗಳು ಶಶಿರೇಖಳಿಗೆ ಅಪ್ಪನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಿನ್ನ ಗಂಡ ಸುಬ್ರಮಣಿ ಬೆಳಗ್ಗೆ ಐದಕ್ಕೇ ಹಾಲಿನ ಡೇರಿಗೆ ಹೋಗುತ್ತಾನೆ, ನಿನ್ನ ಮಗಳು ಲಿಖಿತ ಎಂಟನೇ ಕ್ಲಾಸಿನ ಗಣಿತದ ಜೊತೆ ಜಗಳವಾಡುತ್ತಾಳೆ, ನಾನು ಅವರಿಬ್ಬರ ಮಧ್ಯೆ ಕೂತು ಮೂರು ಹೊತ್ತು ಉಣ್ಣುತ್ತೇನೆ. ನೀನು ವಾರಕ್ಕೆರಡು ಸಲ ಫೋನಿನಲ್ಲಿ ಮುಖ ತೋರಿಸುತ್ತೀಯ. ಕಿವಿ ಹೋದ ಮೇಲೆ ನನಗೆ ಅದು ಮೂಕಿ ಸಿನಿಮಾ. ನೀನು ಬಾಯಿ ಆಡಿಸುತ್ತೀಯ, ನಾನು ತಲೆ ಆಡಿಸುತ್ತೇನೆ. ಅದರಲ್ಲೇ ಬರೆದು ಕಳಿಸೋಣವೆಂದರೆ ಫೋನು ಲಿಖಿತಳ ಕೈಯಲ್ಲಿರುತ್ತದೆ. ಇದು ಅವಳು ಓದುವ ವಿಷಯವಲ್ಲ. ಅದಕ್ಕೇ ಪೋಸ್ಟಾಫೀಸಿನ ದಾರಿ ಹಿಡಿದೆ.

ನೀನು ನರ್ಸ್ ಕೆಲಸಕ್ಕೆ ಹೋಗಿರುವ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರೇ ನಮ್ಮ ಪೆನ್‌ರೋಸ್ ದೊರೆ. ಕೆ.ಜಿ.ಎಫ್. ಗಣಿಯಲ್ಲಿ ಇಂಜಿನಿಯರು. ಮಿಕ್ಕ ದೊರೆಗಳು ಗಂಟುಮೂಟೆ ಕಟ್ಟಿದ ಮೇಲೂ ಹತ್ತು ವರ್ಷ ಇದ್ದವರು. ಗುಡ್ಡದ ಕ್ಲಬ್ಬಿನಲ್ಲಿ ಅವರು ಗಾಲ್ಫ್ ಆಡುವಾಗ ಕೋಲುಗಳ ಚೀಲ ಹೊರುತ್ತಿದ್ದ ಕ್ಯಾಡಿ ನಾನು. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ.

1967ರ ಜನವರಿ. ದೊರೆ ಊರಿಗೆ ಹೊರಡುವ ಮುಂಚಿನ ಕೊನೆಯ ಕಪ್ ಆಟ. ಏಳನೇ ಕುಳಿಯ ಕಡೆ ಹೊಡೆದ ಚೆಂಡು ಬಂಡೆಗೆ ಬಡಿದು ಜಾಲಿ ಮುಳ್ಳಿನೊಳಕ್ಕೆ ಹೋಯಿತು. ಮುಂದೆ ಓಡಿ ಚೆಂಡು ಹುಡುಕುವುದು ನನ್ನ ಕೆಲಸ. ನನಗೆ ಹದಿನೇಳು ವರ್ಷ, ಬರಿಗಾಲು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಚೆಂಡು ಹಿಡಿದು, ಸೊಂಟ ಬಗ್ಗಿಸದೆ ನಾಲ್ಕು ಹೆಜ್ಜೆ ನಡೆದು ಬಯಲಲ್ಲಿ ಬಿಡುವ ವಿದ್ಯೆ ನಮಗೆಲ್ಲ ಬರುತ್ತಿತ್ತು. ದಿನದ ಆಟದಲ್ಲಿ ದೊರೆಗಳೂ ಕಂಡು ಕಾಣದ ಹಾಗೆ ಇರುತ್ತಿದ್ದರು. ಕಪ್ ಆಟದಲ್ಲಿ ಮಾತ್ರ ಯಾರೂ ಮಾಡುತ್ತಿರಲಿಲ್ಲ. ನಾನು ಮಾಡಿದೆ. ದೊರೆ ಗೆದ್ದು ಊರಿಗೆ ಹೋಗಲಿ ಎಂಬ ಆಸೆ.

ಎದುರಾಳಿಯ ಕ್ಯಾಡಿ ನೋಡಿದ್ದ, ಹೇಳಿಬಿಟ್ಟ. ಸಂಜೆ ವರಾಂಡದಲ್ಲಿ ಕಮಿಟಿ ಕೂತಿತು. ದೊರೆ ನನ್ನ ಕಡೆ ತಿರುಗಿ ತಮ್ಮ ಹರಕು ಕನ್ನಡದಲ್ಲಿ, "ಮುನಿ, ನೀನು ಚೆಂಡು ಮುಟ್ಟಿದೆಯಾ?" ಅಂದರು. "ಇಲ್ಲ ಸಾರ್" ಅಂದೆ. "ನನ್ನ ಹುಡುಗನ ಮಾತೇ ನನ್ನ ಮಾತು" ಅಂತ ಅವರು ಎದ್ದು ನಿಂತು ಎಲ್ಲರಿಗೂ ಹೇಳಿದರು. ಕಪ್ ಅವರಿಗೇ ಹೋಯಿತು.

ಹೋದ ದೀಪಾವಳಿಗೆ ನನ್ನ ಎಡಗಿವಿ ಪೂರ್ತಿ ಹೋಯಿತಲ್ಲ. ಬಲಗಿವಿ ಬಾಯಿಟ್ಟು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರಿನ ಸದ್ದೆಲ್ಲ ಅಡಗಿದ ಮೇಲೆ ಆ ಒಂದು ಪ್ರಶ್ನೆ ಕೇಳಿಸಲು ಶುರುವಾಗಿದೆ ಶಶಿ. ಉಣ್ಣುವಾಗ, ಸ್ನಾನ ಮಾಡುವಾಗ, ಮಟಮಟ ಮಧ್ಯಾಹ್ನದಲ್ಲಿ. ದೊರೆಯ ದನಿಯೇ. ವಾರಕ್ಕೆರಡು ದಿನ ಮಾರಿಕುಪ್ಪಂ ರೈಲು ಹತ್ತಿ ಗುಡ್ಡಕ್ಕೆ ಹೋಗುತ್ತೇನೆ. ಬೇರೆ ಕಡೆ ಕುಳಿಯ ಸುತ್ತ ಹಸಿರು ಹುಲ್ಲು ಬೆಳೆಸುತ್ತಾರೆ. ನಮ್ಮಲ್ಲಿ ನೀರೆಲ್ಲಿತ್ತು? ಮರಳಿಗೆ ಹಳೆಯ ಎಣ್ಣೆ ಕಲಸಿ ಹಾಸುತ್ತಿದ್ದೆವು, ಅದನ್ನು ಬ್ರೌನ್ ಅನ್ನುತ್ತಿದ್ದೆವು. ಏಳನೇ ಬ್ರೌನನ್ನು ಈಗಲೂ ನಾನೇ ಗೋಣಿ ಎಳೆದು ನುಣ್ಣಗೆ ಮಾಡಿ ಬರುತ್ತೇನೆ. ಅಲ್ಲಿ ಈಗ ಯಾರೂ ಆಡುವುದಿಲ್ಲ. ಆದರೂ ಮತ್ತೆ ಹೋದಾಗ ಮರಳಿನ ಮೇಲೆ ಹೆಜ್ಜೆಗಳಿರುತ್ತವೆ. ದೊರೆಗಳು ಆಡುವಾಗ ಹಾಕುತ್ತಿದ್ದ ಮೊಳೆ ಬೂಟಿನವು.

ದೊರೆಯ ಮನೆ ನನಗೆ ಗೊತ್ತಿಲ್ಲ. ಅವರ ಊರಿನ ಕ್ಲಬ್ಬಿನ ಹೆಸರು ಮಾತ್ರ ಗೊತ್ತು, ಟ್ರೆವಾರ್ನಿಕ್. ಸಮುದ್ರದ ದಂಡೆಯಲ್ಲಿದೆ ಅಂತ ಹೇಳುತ್ತಿದ್ದರು. ಅಲ್ಲಿಗೆ ಹೋಗು. ಅವರಿದ್ದರೆ ಅವರಿಗೆ, ಇಲ್ಲದಿದ್ದರೆ ಅವರ ಕಡೆಯವರಿಗೆ ಹೇಳು, ಮುನಿ ಚೆಂಡು ಮುಟ್ಟಿದ್ದ ಅಂತ. ನಾನು ಹೋಗುವುದರೊಳಗೆ ಇಷ್ಟು ಆಗಬೇಕು.

ನಿನ್ನ ಅಪ್ಪ
ಮುನಿಸ್ವಾಮಪ್ಪ


ಟ್ರೂರೊ
14 ಮಾರ್ಚ್ 2024

ಅಪ್ಪಾ,

ನಿನ್ನ ಕಾಗದ ಬರಲು ಮೂರು ವಾರ ಹಿಡಿಯಿತು. ಮೊದಲು ನಕ್ಕೆ. ಒಂದು ಚೆಂಡಿಗಾಗಿ ಐವತ್ತೇಳು ವರ್ಷವೇ ಅನ್ನಿಸಿತು. ಆಮೇಲೆ ವಾರ್ಡಿನಲ್ಲಿ ಡ್ಯೂಟಿ ಮಾಡುವಾಗ ನೀನು ಊಟದ ತಟ್ಟೆ ಮುಂದೆ ಕೂತು ಇಲ್ಲದ ದನಿಗೆ ಕಿವಿ ಕೊಡುವುದು ಕಣ್ಣಿಗೆ ಕಟ್ಟಿತು. ನಗು ನಿಂತಿತು. ಕಿವಿ ಮಂದವಾದವರಿಗೆ ಹಳೆಯ ದನಿಗಳು ಕೇಳಿಸುವುದುಂಟು, ಇಲ್ಲಿ ನನ್ನ ರೋಗಿಗಳಲ್ಲೂ ನೋಡಿದ್ದೇನೆ. ಹೆಜ್ಜೆ ಯಾರೋ ಕುರಿ ಮೇಯಿಸುವವರದಿರಬೇಕು. ಕುರಿ ಕಾಯುವವರಿಗೆ ಮೊಳೆ ಬೂಟು ಎಲ್ಲಿಂದ ಬಂತು ಅಂತ ಕೇಳಬೇಡ.

ಆದರೂ ರಜೆಯ ದಿನ ಎರಡು ಬಸ್ಸು ಬದಲಿಸಿ ಟ್ರೆವಾರ್ನಿಕ್‌ಗೆ ಹೋದೆ. ಕ್ಲಬ್ಬು ನಿಜವಾಗಿಯೂ ಸಮುದ್ರದ ಅಂಚಿನಲ್ಲಿದೆ. ಬಿಳಿ ಗೇಟು, ಅದರ ಮೇಲೆ "ಸದಸ್ಯರಿಗೆ ಮಾತ್ರ". ಒಳಗಿನಿಂದ ಬಂದಾತ ತುಂಬ ಮರ್ಯಾದೆಯಿಂದ ಯಾವ ಕ್ಲಬ್ಬಿನವರು, ಹ್ಯಾಂಡಿಕ್ಯಾಪ್ ಎಷ್ಟು ಅಂದ. ನಾನು ಆಸ್ಪತ್ರೆಯ ನರ್ಸು ಅಂದೆ. ಪೆನ್‌ರೋಸ್ ಅವರ ಮನೆ ಎಲ್ಲಿ ಅಂತ ಕೇಳಿದ್ದಕ್ಕೆ, ಸದಸ್ಯರ ವಿಷಯ ಹೊರಗಿನವರಿಗೆ ಹೇಳುವಂತಿಲ್ಲವಂತೆ. ಅಷ್ಟೇ ಮರ್ಯಾದೆಯಿಂದ ಗೇಟು ಹಾಕಿಕೊಂಡ. ಮಳೆ ಬೇರೆ.

ನೀನು ಔಷಧಿ ಸರಿಯಾಗಿ ತೆಗೆದುಕೋ.

ನಿನ್ನ
ಶಶಿ


ಬಂಗಾರಪೇಟೆ
8 ಏಪ್ರಿಲ್ 2024

ಶಶಿ,

ಗೇಟಿನಲ್ಲಿ ನಿಂತು ಕೇಳುವವರಿಗೆ ಯಾವ ಕ್ಲಬ್ಬೂ ಬಾಗಿಲು ತೆಗೆಯುವುದಿಲ್ಲ ಮಗಳೇ. ಮದುವೆ ಮನೆಗೆ ಕರೆಯೋಲೆ ಇಲ್ಲದೆ ಹೋಗಿ ಊಟಕ್ಕೆ ಕೂತ ಹಾಗೆ ಮಾಡಿದ್ದೀಯ. ಮೂವತ್ತನಾಲ್ಕು ವರ್ಷ ಕ್ಲಬ್ಬಿನ ಅಂಗಳದಲ್ಲಿ ನಿಂತು ಯಾರು ಒಳಗೆ ಬಂದರು, ಯಾರು ಹಿಂದಕ್ಕೆ ಹೋದರು ಅಂತ ನೋಡಿದವನು ನಾನು. ಹೇಳುತ್ತೇನೆ ಕೇಳು.

ಮದರಾಸಿನಿಂದ, ಸಿಲೋನಿನಿಂದ ಆಡಲು ಬರುವವರು ಮೊದಲು ಸೆಕ್ರೆಟರಿಗೆ ಕಾಗದ ಬರೆಯುತ್ತಿದ್ದರು, ತಿಂಗಳ ಮುಂಚೆಯೇ. ಅದರ ಜೊತೆ ಅವರ ಸ್ವಂತ ಕ್ಲಬ್ಬಿನ ಸೆಕ್ರೆಟರಿ ಕೊಟ್ಟ ಪರಿಚಯ ಪತ್ರ. ಈತ ನಮ್ಮವನು, ಆಟ ಬಲ್ಲ, ನಡತೆ ಬಲ್ಲ ಅಂತ. ಎಷ್ಟು ಬಲ್ಲ ಅನ್ನುವುದಕ್ಕೆ ಹ್ಯಾಂಡಿಕ್ಯಾಪ್ ಚೀಟಿ. ಇವೆರಡೂ ಇದ್ದರೆ ಸದಸ್ಯರ ಗದ್ದಲವಿಲ್ಲದ ವಾರದ ದಿನದಲ್ಲಿ ಆಡಲು ಬಿಡುತ್ತಿದ್ದರು. ಅದಕ್ಕಿಂತ ಹತ್ತಿರದ ದಾರಿ ಎಂದರೆ ಒಬ್ಬ ಸದಸ್ಯರೇ ಅತಿಥಿಯಾಗಿ ಕೈ ಹಿಡಿದು ಕರೆದುಕೊಂಡು ಹೋಗುವುದು. ನಮಗೆ ಅಂಥವರಿಲ್ಲ. ಆದ್ದರಿಂದ ನೀನು ಆಡುವುದನ್ನು ಕಲಿಯಬೇಕು.

ಬಾಯಿ ಬಿಟ್ಟುಕೊಂಡು ಕೂರಬೇಡ. ಚಿಕ್ಕವಳಿದ್ದಾಗ ಬೇಲಿ ಗೂಟದಲ್ಲಿ ಹೀಚು ಮಾವಿನಕಾಯಿ ಹೊಡೆದು ಪಕ್ಕದ ಮನೆ ಮುನಿನಾರಾಯಣಮ್ಮನ ಹೆಂಚು ಒಡೆದವಳು ನೀನು. ಸೊಂಟ ತಿರುಗುತ್ತದೆ, ತಲೆ ಅಲ್ಲಾಡುವುದಿಲ್ಲ, ಆಗಲೇ ನೋಡಿದ್ದೆ. ಅಲ್ಲಿ ಸರ್ಕಾರದ್ದೋ ಊರಿನದ್ದೋ ಎಲ್ಲರಿಗೂ ತೆರೆದ ಮೈದಾನ ಇದ್ದೇ ಇರುತ್ತದೆ. ಅಲ್ಲಿ ಕಲಿ. ಕಾಲರ್ ಇರುವ ಅಂಗಿ ಹಾಕಿಕೋ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಇರು. ಬೇರೆಯವರ ಚೆಂಡಿಗೂ ಕುಳಿಗೂ ನಡುವೆ ಕಾಲಿಡಬೇಡ. ಮರಳಿನ ಗುಂಡಿಯಿಂದ ಬಂದ ಮೇಲೆ ನಿನ್ನ ಹೆಜ್ಜೆ ನೀನೇ ಅಳಿಸು.

ಹೆಜ್ಜೆಗಳು ಈಗಲೂ ಬೀಳುತ್ತಿವೆ. ಮೊನ್ನೆ ಕುಳಿಯ ಹತ್ತಿರ ಬಂದು ನಿಂತು, ಹಿಂದಕ್ಕೆ ಹೋಗಿರಲಿಲ್ಲ.

ಅಪ್ಪ


ಟ್ರೂರೊ
2 ಜೂನ್ 2024

ಅಪ್ಪಾ,

ಅಂಗೈಯಲ್ಲಿ ಬೊಬ್ಬೆ ಎದ್ದಿವೆ. ಇಲ್ಲಿಯ ಊರ ಮೈದಾನದಲ್ಲಿ ಒಬ್ಬ ಅಜ್ಜಿ ವಾರಕ್ಕೆ ಮೂರು ಸಂಜೆ ಹೇಳಿಕೊಟ್ಟರು. ಮೊದಲ ವಾರ ಗಾಳಿಗೇ ಹೊಡೆದೆ. ಮೂರನೇ ವಾರ ಒಂದು ಚೆಂಡು ಎದ್ದು ಹೋಯಿತು ನೋಡು, ಅಜ್ಜಿ ಯಾರಿಂದ ಕಲಿತೆ ಅಂದರು. ಮಾವಿನಕಾಯಿಯಿಂದ ಅಂದೆ. ಆಟಗಳ ಲೆಕ್ಕಕ್ಕೆ ಅವರೇ ಸಹಿ ಹಾಕಿ ನನಗೆ ಹ್ಯಾಂಡಿಕ್ಯಾಪ್ ಸಿಕ್ಕಿದೆ. ದೊಡ್ಡ ಸಂಖ್ಯೆ. ದೊಡ್ಡದಾದಷ್ಟೂ ಆಟ ಕೆಟ್ಟದ್ದಂತೆ, ಅದನ್ನು ನಿನಗೆ ಹೇಳುವುದಿಲ್ಲ.

ಟ್ರೆವಾರ್ನಿಕ್ ಸೆಕ್ರೆಟರಿಗೆ ಬರೆದೆ. ಹೊರಗಿನವರು ಗುರುವಾರ ಮಧ್ಯಾಹ್ನ ಆಡಬಹುದು, ಹ್ಯಾಂಡಿಕ್ಯಾಪ್ ಸರಿ, ನಿಮ್ಮ ಕ್ಲಬ್ಬಿನ ಪರಿಚಯ ಪತ್ರ ಕಳಿಸಿ ಎಂದು ಉತ್ತರ ಬಂದಿದೆ. ನನಗೆ ಯಾವ ಕ್ಲಬ್ಬಪ್ಪಾ? ಇಲ್ಲಿಗೆ ಬಿಟ್ಟುಬಿಡೋಣವೇ?

ಶಶಿ


ಬಂಗಾರಪೇಟೆ
24 ಜೂನ್ 2024

ಶಶಿ,

ಬಿಡುವ ಮಾತೇ ಇಲ್ಲ. ಗುಡ್ಡದ ಕ್ಲಬ್ಬಿಗೆ ಈಗ ವಕೀಲ ಜಯರಾಮಪ್ಪನವರು ಸೆಕ್ರೆಟರಿ. ಕ್ಲಬ್ಬು ಅಂದರೆ ಒಂದು ಬೀರು, ನಾಲ್ಕು ಕುರ್ಚಿ, ಒಂದು ಸೀಲು. ರಾಬರ್ಟ್‌ಸನ್‌ಪೇಟೆಯಲ್ಲಿ ಅವರ ಆಫೀಸಿಗೆ ಹೋಗಿ ಪರಿಚಯ ಪತ್ರ ಕೇಳಿದೆ. ಅವರು ನನ್ನ ಬಲಗಿವಿಗೆ ಬಾಯಿಟ್ಟು, "ಅದ್ಕೇನಪ್ಪಾ, ಬರ್ಕೊಡ್ತೀನಿ. ನಿನ್ ಮಗಳು ಅತ್ತು ವರ್ಸದಿಂದ ನಮ್ ಮೆಂಬರ್ರು ಅಂತ ಆಕ್ತೀನಿ. ಅಲ್ಲಿಂದ ಬಂದು ಯಾರು ನೋಡ್ತಾರೆ?" ಅಂದರು.

ಒಳ್ಳೆಯ ಮನುಷ್ಯ. ಆದರೆ ಒಂದು ಸುಳ್ಳು ಕಳೆದುಕೊಳ್ಳಲು ಇನ್ನೊಂದು ಸುಳ್ಳಿಗೆ ಸೀಲು ಹಾಕಿಸಲೇ? "ಬ್ಯಾಡ ಸಾಮಿ, ಇರೋದ್ನೇ ಬರೀರಿ" ಅಂದೆ. ಕೊನೆಗೆ ಹೀಗೆ ಬರೆಸಿದೆ: ಶಶಿರೇಖ ನಮ್ಮ ಸದಸ್ಯೆಯಲ್ಲ. ಇಲ್ಲಿ ಕ್ಯಾಡಿಯಾಗಿ, ಆಮೇಲೆ ಮಾಲಿಯಾಗಿ ಮೂವತ್ತನಾಲ್ಕು ವರ್ಷ ದುಡಿದ ಮುನಿಸ್ವಾಮಪ್ಪನ ಮಗಳು. ಮುನಿಸ್ವಾಮಪ್ಪ ನಿಮ್ಮ ಸದಸ್ಯರಾಗಿದ್ದ ಪೆನ್‌ರೋಸ್ ಅವರ ಚೀಲ ಹೊತ್ತವನು. ಅವರಿಗೆ ಒಂದು ಮಾತು ತಲುಪಿಸುವುದು ಬಾಕಿ ಇದೆ, ದಯವಿಟ್ಟು ಒಳಗೆ ಬಿಡಿ.

ಜಯರಾಮಪ್ಪನವರು ಓದಿ ತಲೆ ಕೆರೆದುಕೊಂಡು, "ಇದ್ನ ನೋಡಿದ್ರೆ ಗೇಟೇ ತೆಗೆಯಲ್ಲ ಕಣಯ್ಯಾ" ಅಂದರು. ಆದರೂ ಸಹಿ ಹಾಕಿ ಸೀಲು ಒತ್ತಿದರು. ಇದರ ಜೊತೆಗಿದೆ. ನಮ್ಮ ಕೈಲಾದದ್ದು ಇಷ್ಟು.

ಅಪ್ಪ


ಟ್ರೂರೊ
4 ಆಗಸ್ಟ್ 2024

ಅಪ್ಪಾ,

ಗೇಟು ತೆಗೆಯಿತು. ನೀನು ಬರೆಸಿದ ಪತ್ರವನ್ನು ಸೆಕ್ರೆಟರಿ ಓದಿ, ತಾನೇನೂ ಹೇಳದೆ ಒಬ್ಬ ಸದಸ್ಯೆಗೆ ಕೊಟ್ಟನಂತೆ. ಆಕೆ ನನಗೆ ಫೋನ್ ಮಾಡಿ, "ಗುರುವಾರ ನನ್ನ ಅತಿಥಿಯಾಗಿ ಬನ್ನಿ" ಅಂದರು. ಹೆಸರು ಜೆನ್ನಿಫರ್. ಪೆನ್‌ರೋಸ್ ದೊರೆಯ ಮಗಳು. ಎಪ್ಪತ್ತು ದಾಟಿದೆ, ಬೆನ್ನು ನೆಟ್ಟಗಿದೆ. ಕೆ.ಜಿ.ಎಫ್.ನಲ್ಲೇ ಹುಟ್ಟಿದವರು. ನನ್ನನ್ನು ನೋಡಿದ ಕೂಡಲೇ "ವಣಕ್ಕಂ, ನಮಸ್ಕಾರ" ಎರಡೂ ಹೇಳಿ, ಯಾವುದು ಸರಿ ಅಂದರು.

ಒಂಬತ್ತು ಕುಳಿ ಆಡಿದೆವು. ನಾನು ಸಮುದ್ರಕ್ಕೆ ಎರಡು ಚೆಂಡು ದಾನ ಮಾಡಿದೆ. ಆಟ ಮುಗಿದ ಮೇಲೆ ಕಿಟಕಿಯ ಪಕ್ಕ ಟೀ ಕುಡಿಯಲು ಕೂತೆವು. ದೊರೆ ಹೋಗಿ ಮೂವತ್ತೈದು ವರ್ಷವಾಯಿತಂತೆ. ನಾನು ನೀನು ಹೇಳಿದ ಹಾಗೇ ಹೇಳಿದೆ. ನನ್ನ ತಂದೆ ಆ ದಿನ ಚೆಂಡು ಮುಟ್ಟಿದ್ದರು, ಇಲ್ಲ ಅಂದದ್ದು ಸುಳ್ಳು, ಅದನ್ನು ನಿಮಗೆ ತಿಳಿಸದೆ ಅವರಿಗೆ ನೆಮ್ಮದಿಯಿಲ್ಲ.

ಆಕೆ, "ಅಪ್ಪನಿಗೆ ಗೊತ್ತಿತ್ತು" ಅಂದರು.

ಎಲ್ಲ ಗೊತ್ತಿತ್ತಂತೆ ಅಪ್ಪಾ. ಬಂಡೆಗೆ ಬಡಿದು ಆ ಮುಳ್ಳಿಗೆ ಬಿದ್ದ ಚೆಂಡು ಎಂದೂ ತಾನಾಗಿ ಹೊರಗೆ ಬಂದದ್ದಿಲ್ಲ ಅನ್ನುವುದು ಅವರಿಗೆ ತಿಳಿಯದೇ? ನೀನು ಹೌದು ಅನ್ನುತ್ತೀಯ, ಕಪ್ ವಾಪಸು ಕೊಟ್ಟುಬಿಡೋಣ ಅಂತಲೇ ಕೇಳಿದರಂತೆ. ನೀನು ಇಲ್ಲ ಅಂದೆ. ಅಷ್ಟು ಜನರ ಮುಂದೆ ನಿನ್ನನ್ನು ಸುಳ್ಳುಗಾರನೆಂದು ಒಪ್ಪಿಸಲು ಅವರಿಗೆ ಮನಸ್ಸು ಬರಲಿಲ್ಲ. ಗೊತ್ತಿದ್ದೂ ಮಾತು ಕೊಟ್ಟರು. ಊರಿಗೆ ಬಂದ ಮೇಲೆ ಒಂದು ಕಪ್ ಆಟವನ್ನೂ ಆಡಲಿಲ್ಲ. ಮುಪ್ಪಿನಲ್ಲಿ ಮಗಳಿಗೆ ಇದನ್ನು ಹೇಳಿ ಅತ್ತರಂತೆ.

ಆಮೇಲೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದರು. "ಆ ಇನ್ನೊಬ್ಬ ಹುಡುಗ? ನಿಜ ಹೇಳಿದವನು? ಅವನೇನಾದ? ಅಪ್ಪ ಕೊನೆಯ ತನಕ ಅದನ್ನೇ ಕೇಳುತ್ತಿದ್ದರು."

ನನಗೆ ಗೊತ್ತಿಲ್ಲ ಅಂದೆ. ಆಕೆ ಟೀ ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಯಿತು. ಅವನ ಹೆಸರನ್ನೇ ನೀನು ಬರೆದಿರಲಿಲ್ಲ. ಯಾರಪ್ಪಾ ಅವನು?

ಶಶಿ


ಬಂಗಾರಪೇಟೆ
26 ಆಗಸ್ಟ್ 2024

ಶಶಿ,

ನಿನ್ನ ಕಾಗದ ಬಂತು. ತುಂಬ ಉಪಕಾರವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ಲಿಖಿತಳಿಗೆ ಗಣಿತದಲ್ಲಿ ಐವತ್ತೆರಡು ಬಂದಿದೆ. ಬೇತಮಂಗಲದ ಕೆರೆಗೆ ಸ್ವಲ್ಪ ನೀರು ಬಂದಿದೆಯಂತೆ. ಚಳಿಗೆ ಸ್ವೆಟರ್ ಹಾಕಿಕೋ.

ಅಪ್ಪ


ಟ್ರೂರೊ
15 ಸೆಪ್ಟೆಂಬರ್ 2024

ಅಪ್ಪಾ,

ಕೆರೆಯ ನೀರಿನ ವಿಷಯ ತಿಳಿಸಿದ್ದಕ್ಕೆ ಸಂತೋಷ.

ನಾನು ಕೇಳಿದ್ದು ಅದಲ್ಲ. ಎರಡು ಬಸ್ಸು, ಬೊಬ್ಬೆ ಬಂದ ಕೈ, ಒಂದು ಸಮುದ್ರ, ಇಷ್ಟು ದಾಟಿಸಿ ನನ್ನನ್ನು ಆ ಮೇಜಿನ ಮುಂದೆ ಕೂರಿಸಿದವನು ನೀನು. ಅಲ್ಲಿ ನನ್ನ ಬಾಯಿ ಕಟ್ಟುವ ಹಾಗೆ ಮಾಡಿದವನೂ ನೀನೇ. ಜೆನ್ನಿಫರ್ ಮತ್ತೆ ಫೋನ್ ಮಾಡಿದ್ದರು. ಅವರಿಗೆ ಏನು ಹೇಳಲಿ? ನಿನಗೆ ಸಿಟ್ಟು ಬಂದರೆ ಬರಲಿ. ಹೆಸರು ಬೇಕು.

ಶಶಿ


ಬಂಗಾರಪೇಟೆ
7 ಅಕ್ಟೋಬರ್ 2024

ಶಶಿ,

ಅವನ ಹೆಸರು ಕುಪ್ಪುಸ್ವಾಮಿ.

ಒಂದೇ ವಯಸ್ಸು, ಒಂದೇ ತಟ್ಟೆಯಲ್ಲಿ ಉಂಡವರು. ಅವನ ಮನೆಯವರು ಗಣಿ ಕೂಲಿಗಳ ಸಾಲುಮನೆ ಲೈನಿನವರು, ತಮಿಳರು. ನಾನು ಹೊಲದ ಕಡೆಯವನು. ಕಾಲಿನಲ್ಲಿ ಚೆಂಡು ಹಿಡಿಯುವುದನ್ನು ನನಗೆ ಕಲಿಸಿದವನೇ ಅವನು. ಕ್ಯಾಡಿಗಳಲ್ಲಿ ಒಬ್ಬರ ಮೇಲೊಬ್ಬರು ದೂರು ಹೇಳುವ ಪದ್ಧತಿ ಇರಲಿಲ್ಲ. ಅವನಾಗಿ ಹೋಗಿ ಹೇಳಲೂ ಇಲ್ಲ. ಅವನ ದೊರೆ ನೇರವಾಗಿ, "ನೀನು ನೋಡಿದೆಯಾ?" ಅಂತ ಕೇಳಿದ. ಕುಪ್ಪು ನೋಡಿದೆ ಅಂದ. ಕೇಳಿದರೆ ಇದ್ದದ್ದು ಹೇಳಬೇಕು ಅನ್ನುವುದಷ್ಟೇ ಅವನಿಗೆ ಗೊತ್ತಿದ್ದದ್ದು.

ನಾನು ಇಲ್ಲ ಅಂದೆ, ದೊರೆ ನನ್ನ ಪರ ನಿಂತರು. ಕಮಿಟಿಯವರು ಕುಪ್ಪುವಿನ ಎದೆಯ ಮೇಲಿದ್ದ ಹಿತ್ತಾಳೆ ಬಿಲ್ಲೆ ಕಿತ್ತುಕೊಂಡು ಗೇಟಿನಾಚೆ ಕಳಿಸಿದರು. ಮಾರನೇ ತಿಂಗಳು ನನ್ನನ್ನು ಮಾಲಿ ಕೆಲಸಕ್ಕೆ ಕಾಯಂ ಮಾಡಿದರು. ಅದು ಅವನಿಗೆ ಸಿಗಬೇಕಾಗಿದ್ದ ಕೆಲಸ. ಲೈನಿನವರೆಲ್ಲ ಅವನನ್ನು "ಪೊಯ್ ಕುಪ್ಪು" ಅಂತ ಕರೆಯಲು ಶುರುಮಾಡಿದರು. ತಮಿಳಿನಲ್ಲಿ ಪೊಯ್ ಅಂದರೆ ಸುಳ್ಳು, ನಿನಗೆ ಗೊತ್ತಲ್ಲ. ಮದುವೆಯಾದರೂ ಆ ಹೆಸರು ಹೋಗಲಿಲ್ಲ. ಬೇರೆ ಕೆಲಸ ಸಿಗದೆ ಗಣಿಗೆ ಇಳಿದ. 1974ರಲ್ಲಿ ಒಳಗೆ ಬಂಡೆ ಸಿಡಿದು ಸತ್ತ. ಹೆಣ ನೋಡಲು ಹೋದವನು ಬೀದಿಯ ತುದಿಯಿಂದಲೇ ಹಿಂದಕ್ಕೆ ಬಂದೆ.

ದೊರೆಗೆ ಎಲ್ಲ ಗೊತ್ತಿತ್ತು ಅಂತ ನೀನು ಬರೆದದ್ದನ್ನು ಓದಿದ ದಿನವೇ ಆ ದನಿ ನಿಂತಿತು. ಒಂದು ದಿನ ಹಾಯಾಗಿದ್ದೆ, ಸುಳ್ಳೇಕೆ. ಮಾರನೇ ದಿನ ಗುಡ್ಡಕ್ಕೆ ಹೋದರೆ ಮರಳಿನ ಮೇಲೆ ಮತ್ತೆ ಹೆಜ್ಜೆ. ಇನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಅವು ಎಂದೂ ಬೂಟಿನವಾಗಿರಲಿಲ್ಲ ಶಶಿ. ಬರಿಗಾಲಿನವು. ಚೆಂಡು ಹಿಡಿದೂ ಹಿಡಿದೂ ಬಲಗಾಲಿನ ಹೆಬ್ಬೆರಳು ದೂರ ಸರಿದಿರುವ ಕಾಲು, ಕುಪ್ಪುವಿನದು ಹಾಗೇ ಇತ್ತು. ಬೂಟು ಅಂತ ಬರೆದದ್ದು ನಿನಗಲ್ಲ, ನನಗೆ. ಮೊದಲೆಲ್ಲ ಕುಳಿಯ ಹತ್ತಿರ ನಿಲ್ಲುತ್ತಿದ್ದವು. ಈಗ ಇಳಿದು ರೈಲಿನ ಸ್ಟೇಷನ್ನಿನ ಕಡೆಗೆ ಹೋಗಿವೆ, ನಾನು ಬಂದ ದಾರಿಯಲ್ಲೇ.

ನನಗೆ ಹೆದರಿಕೆಯಾಗುತ್ತಿದೆ. ಅವನ ಹೆಂಡತಿ ಕದಿರಮ್ಮ ಇನ್ನೂ ಇದ್ದಾಳೆ.

ಅಪ್ಪ


ಟ್ರೂರೊ
28 ಅಕ್ಟೋಬರ್ 2024

ಅಪ್ಪಾ,

ಕದಿರಮ್ಮ ಅಂದರೆ ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನ ಹೂವಿನ ಕದಿರಮ್ಮನೇ?

ನರ್ಸಿಂಗ್ ಓದುವಾಗ ಮೂರು ವರ್ಷ ದಿನಾ ಅವರ ಮುಂದೆಯೇ ಬಸ್ಸಿಳಿಯುತ್ತಿದ್ದೆ. ಕರೆದು ಒಂದು ಮೊಳ ಕನಕಾಂಬರ ಮುಡಿಸಿ, "ಅಪ್ಪ ಎಂಗವ್ನೆ ಕಣಮ್ಮಾ?" ಅಂತ ಕೇಳುತ್ತಿದ್ದರು. ಪ್ರತಿ ದಿನ. ಮನೆಗೆ ಬಂದು ಹೇಳಿದರೆ ನೀನು ಆಕೆಯ ಹತ್ತಿರ ಹೂ ತೆಗೆದುಕೊಳ್ಳಬೇಡ ಅಂತ ರೇಗುತ್ತಿದ್ದೆ. ಜಾತಿ ನೋಡಿ ಹೇಳುತ್ತಿದ್ದೀಯ ಅಂದುಕೊಂಡು ನಿನ್ನ ಮೇಲೆ ಅಸಹ್ಯಪಟ್ಟಿದ್ದೆ. ಅದೇ ಕಾರಣವಾಗಿದ್ದರೆ ಚೆನ್ನಾಗಿತ್ತೇನೋ ಅಂತ ಈಗ ಅನ್ನಿಸುತ್ತಿದೆ. ಇಷ್ಟು ಕಟುವಾಗಿ ಬರೆಯಬಾರದು, ಆದರೆ ಹಾಗೇ ಅನ್ನಿಸುತ್ತಿದೆ.

ಟ್ರೆವಾರ್ನಿಕ್ ಗೇಟು ತೆಗೆಸಲು ಪರಿಚಯ ಪತ್ರ, ಸೀಲು, ಕಾಲರ್ ಅಂಗಿ, ಎಲ್ಲ ಹೇಳಿಕೊಟ್ಟೆ. ಈ ಬಾಗಿಲಿಗೆ ಅದ್ಯಾವುದೂ ಬೇಡ. ಅರ್ಧ ಗಂಟೆಯ ರೈಲು. ನಾನು ಬಂದು ನಿನ್ನ ಪರವಾಗಿ ಹೇಳುವುದಿಲ್ಲ, ಕಾಗದವನ್ನೂ ಬರೆಯುವುದಿಲ್ಲ. ನೀನೇ ಹೋಗು. ನಿನಗೆ ಹೆದರಿಕೆಯಾಗುವುದು ನನಗೆ ಅರ್ಥವಾಗುತ್ತದೆ ಅಪ್ಪಾ. ಹೆದರಿಕೊಂಡೇ ಹೋಗು.

ಶಶಿ


ಬಂಗಾರಪೇಟೆ
16 ಡಿಸೆಂಬರ್ 2024

ಶಶಿ,

ಹೋಗಿ ಬಂದೆ.

ಮೂರು ಸಲ ಬೀದಿಯ ತುದಿಯವರೆಗೆ ಹೋಗಿ ವಾಪಸಾಗಿದ್ದೆ. ನಾಲ್ಕನೇ ಸಲ ಒಂದು ಭಾನುವಾರ, ಹತ್ತು ಗಂಟೆಯ ಬಿಸಿಲು. ಲೈನಿನಲ್ಲಿ ಅದೇ ತಗಡಿನ ಮನೆ. ಕದಿರಮ್ಮ ಹೊಸ್ತಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು. ಈಗ ಬಸ್ ಸ್ಟ್ಯಾಂಡಿಗೆ ಹೋಗಲು ಮಂಡಿ ಬಿಡುವುದಿಲ್ಲವಂತೆ, ಮೊಮ್ಮಗಳು ಶ್ಯಾಮಲಾ ಹೋಗಿ ಮಾರುತ್ತಾಳೆ. ನನ್ನನ್ನು ನೋಡಿ ಕೈಯಲ್ಲಿ ಕೂತುಕೋ ಅಂತ ತೋರಿಸಿದಳು. ಯಾರು ಅಂತ ಕೇಳಲಿಲ್ಲ.

ನಾನು ಕೂರದೆ ಹೇಳಿದೆ. "ಕದಿರಮ್ಮಾ, ಅವತ್ತು ಕುಪ್ಪು ಏಳಿದ್ದೇ ನಿಜ. ನಾನು ಚೆಂಡು ಮುಟ್ಟಿದ್ದೆ. ಸುಳ್ಳು ಏಳಿದೋನು ನಾನು." ಕಿವುಡನಿಗೆ ತನ್ನ ದನಿಯ ಅಳತೆ ಗೊತ್ತಾಗುವುದಿಲ್ಲ ಮಗಳೇ. ಮೆಲ್ಲಗೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ನಲ್ಲಿಯ ಹತ್ತಿರ ಕೊಡ ಇಟ್ಟಿದ್ದ ಹೆಂಗಸರೆಲ್ಲ ಇತ್ತ ಮುಖ ಮಾಡಿ ನಿಂತಿದ್ದಾರೆ. ಮನೆಮನೆಯ ಬಾಗಿಲಲ್ಲೂ ಜನ. ಎದುರು ಮನೆಯಿಂದ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಕುಪ್ಪುವಿನ ಜೊತೆ ಗಣಿಗೆ ಇಳಿಯುತ್ತಿದ್ದವನಂತೆ. ಅವನ ಬಾಯಿ ಅಲುಗಿತು, ಏನೆಂದನೋ ಕೇಳಿಸಲಿಲ್ಲ. ನನ್ನ ಕಾಲ ಹತ್ತಿರ ಉಗಿದು ಹೋದ. ಅದು ನನಗೆ ಸಲ್ಲಬೇಕಾದದ್ದೇ.

ಕದಿರಮ್ಮ ಅಳಲಿಲ್ಲ, ಬೈಯಲಿಲ್ಲ. ಜನ ಚದುರುವ ತನಕ ಹೂ ಕಟ್ಟುತ್ತಲೇ ಇದ್ದಳು. ಆಮೇಲೆ ಗೋಡೆ ಹಿಡಿದು ಎದ್ದು ಬಂದು ನನ್ನ ಬಲಗಿವಿಯ ಹತ್ತಿರ ಬಾಯಿಟ್ಟು, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು. ಅಕ್ಷರಶಃ ಬರೆಯುತ್ತೇನೆ.

"ನಾನೂ ಅವನ್ನ ನಂಬ್ಲಿಲ್ಲ ಮುನಿ. ದೊರೆ ಸುಳ್ಳು ಏಳ್ತಾನಾ ಅಂತ ಎಲ್ರಂಗೆ ನಾನೂ ಅಂದೆ. ಕೊನೇ ದಿನಾನೂ ಅದೇ ಜಗಳ. 'ಮುನಿ ಒಂದಿನ ಬಂದು ಏಳ್ತಾನೆ ನೋಡ್ತಿರು' ಅಂದ. 'ಥೂ, ಪೊಯ್ ಕುಪ್ಪು, ಓಗು' ಅಂದ್ಬಿಟ್ಟೆ. ಊಟದ ಡಬ್ಬಿ ಕೊಡ್ಲಿಲ್ಲ. ಅಸ್ಕೊಂಡೇ ಗಣಿಗೆ ಇಳ್ದ. ನೀನು ಬತ್ತೀಯ, ಕುಪ್ಪು ಏಳಿದ್ದು ನಿಜ ಅಲ್ಲ ಅಂತ ಏಳ್ತೀಯ ಅಂತ ಕಾಯ್ತಿದ್ದೆ. ಅವನು ಸುಳ್ಳುಗಾರ ಆಗಿದ್ರೆ ನಂಗೆ ಒಂಚೂರು ನಿದ್ದೆ ಬರ್ತಿತ್ತು. ನೀನೇನೋ ಬಂದು ಏಳ್ಬಿಟ್ಟೆ, ನಿನ್ನ ಬಾರ ಇಳೀತು. ನಾನ್ ಯಾರತ್ರ ಓಗಿ ಏಳ್ಲಿ?"

ಶಶಿ, ಆಕೆ ನಿನಗೆ ದಿನಾ ಹೂ ಮುಡಿಸಿ ನನ್ನ ವಿಷಯ ಕೇಳುತ್ತಿದ್ದದ್ದು ಇದಕ್ಕೆ.

ಸಂಜೆಯ ರೈಲಿನ ತನಕ ಹೊಸ್ತಿಲಲ್ಲೇ ಕೂತಿದ್ದೆ. ಆಕೆ ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಆಮೇಲಿನ ಎರಡು ಭಾನುವಾರವೂ ಹೋಗಿ ಹಾಗೇ ಕೂತು ಬಂದಿದ್ದೇನೆ. ಆಕೆ ಹೂ ಕಟ್ಟುತ್ತಲೇ ಇರುತ್ತಾಳೆ, ಆದರೆ ನಾನು ಹೇಳುವುದಕ್ಕೆ ಕಾಯುತ್ತಿದ್ದಾಳೆ ಅಂತ ಗೊತ್ತಾಗುತ್ತದೆ. ನೀನು ಆಸ್ಪತ್ರೆಯಲ್ಲಿ ಎಷ್ಟೋ ಹೆಂಗಸರ ಸಂಕಟ ನೋಡಿದವಳು. ಆಕೆಗೆ ಹೇಳಬಹುದಾದ ಮಾತು ಏನಾದರೂ ಇದ್ದರೆ ಬೇಗ ಬರೆ. ಸುಳ್ಳಾದರೂ ಪರವಾಗಿಲ್ಲ.

ಅಪ್ಪ